ಬೆಲೆಯಿಲ್ಲದ ಸರಕಿನ ವ್ಯಾಪಾರ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿಯ ಪುಷ್ಕರಣಿಯನ್ನು ನೋಡದೆ ಹಿಂದಿರುಗುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಕೊಳ ಅದು. ಸುತ್ತಲೂ ಕಲ್ಲಿನ ಸೋಪಾನಗಳು, ನಡುನೀರಿನಲ್ಲಿ ಮಂಟಪ, ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ್ದೆಂದು ಹೇಳುವ ಮುಸಾಫಿರಖಾನೆ. ಕಳೆದ ಬೇಸಿಗೆಯಲ್ಲಿ ನಾವು ವಿದ್ಯಾರ್ಥಿಗಳೊಡನೆ ಆ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ ಅವರಲ್ಲೊಬ್ಬನು ಒಂದು ಪ್ರಶ್ನೆ ಹಾಕಿದನು: “ಲಿನಕ್ಸ್ ಎಂಬ ಗಣಕವ್ಯವಸ್ಥೆಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದಷ್ಟೆ. ಹಾಗಿರುವಾಗ ಅದನ್ನೇ ಮಾರುವ ರೆಡ್ ಹ್ಯಾಟ್ ಕಂಪನಿಗೆ ಐಬಿಎಂ ಸಂಸ್ಥೆಯು ೩,೪೦೦ ಕೋಟಿ ಡಾಲರುಗಳನ್ನು ಕೊಟ್ಟದ್ದೇಕೆ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಬೇಕಾದ ಉಪಮಾನವೂ ಎದುರಿಗೇ ಇದ್ದಿತು. ಕೊಳದ ನೀರು ಊರಿನವರೆಲ್ಲರದು ಎಂದಿಟ್ಟುಕೊಳ್ಳೋಣ. ಒಂದು ಕೊಡ ತುಂಬಿಕೊಳ್ಳುವವನಿಗೆ ಒಂದು ದಿನ ನೀರು ಕದಡಿದ್ದರೆ ನಷ್ಟವೇನೂ ಇಲ್ಲ, ನಾಳೆ ಬಂದಾನು. ಆದರೆ ನಿತ್ಯವೂ ಬೆಳಗಿನ ಜಾವಕ್ಕೆ ಸಾವಿರ ಜನಕ್ಕೆ ಅಡಿಗೆ ಮಾಡತಕ್ಕವನ ಮಾತು ಬೇರೆ. ಹೂಳೆತ್ತಿಸಿ, ಪಾಚಿ ತೆಗೆಯಿಸಿ, ಸಡಿಲಿದ ಕಲ್ಲನ್ನು ಕೂಡಿಸಿ, “ಇನ್ನು ಹತ್ತು ವರ್ಷ ನಿನಗೆ ತಿಳಿನೀರು ತಪ್ಪದು” ಎಂದು ಮಾತು ಕೊಡುವವನಿಗೆ ಅವನು ಸಂತೋಷದಿಂದ ಹಣ ಕೊಡುತ್ತಾನೆ. ಅವನು ಕೊಳ್ಳುವುದು ನೀರನ್ನಲ್ಲ, ಆ ಹೊಣೆಯನ್ನು. ಇಂಥ ಹೊಣೆಯನ್ನು ಮಾರುವವರು ನಾಲ್ಕಾರು ಮಂದಿ ಒಂದೇ ಕೊಳದ ದಡದಲ್ಲಿ ಅಂಗಡಿ ಹೂಡಿದರೆ ಏನಾಗುತ್ತದೆಂಬುದೇ ಈ ಲೇಖನದ ವಿಷಯ.

ಮೊದಲು ಸರಕಿನ ಪರಿಚಯ. ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಮೃತಿ, ಎಷ್ಟು ಕಾಲ ಎಂದು ಹಂಚಿಕೊಡುವುದೇ ಕಾರ್ಯನಿರ್ವಹಣ ವ್ಯವಸ್ಥೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಇಂಥದೊಂದರ ತಿರುಳನ್ನು ಬರೆದು ಹಂಚಿದನು. ಆಗ ಅವನು ಹಾಕಿದ್ದ ಕರಾರಿನಲ್ಲಿ, ಅದನ್ನು ಹಂಚುವುದಕ್ಕೆ ಯಾರೂ ಹಣ ಪಡೆಯಕೂಡದೆಂದಿತ್ತು. ಮರುವರ್ಷ ಅದನ್ನು ಬಿಟ್ಟು ರಿಚರ್ಡ್ ಸ್ಟಾಲ್ಮನ್‌ರ ಜಿಪಿಎಲ್ ಪರವಾನಗಿಯನ್ನು ಅಂಗೀಕರಿಸಿದನು. ಇದರ ಪ್ರಕಾರ ಹಣಕ್ಕೆ ಮಾರಬಹುದು, ತಿದ್ದಬಹುದು, ಹಂಚಬಹುದು. ಆದರೆ ಪಡೆದವನಿಗೆ ಮೂಲಪಾಠವನ್ನೂ, ಅದನ್ನು ಮತ್ತೆ ಹಂಚುವ ಸ್ವಾತಂತ್ರ್ಯವನ್ನೂ ಕೊಡಲೇಬೇಕು. ಮುಂದಿನ ವ್ಯಾಪಾರಕ್ಕೆಲ್ಲ ಬಾಗಿಲು ತೆರೆದದ್ದು ಈ ಸಣ್ಣ ಮಾರ್ಪಾಟೇ ಎಂದು ನಮ್ಮ ಎಣಿಕೆ.

ತಿರುಳೊಂದರಿಂದ ಬಳಕೆದಾರನಿಗೆ ಪ್ರಯೋಜನವಿಲ್ಲ. ಅದಕ್ಕೆ ಸಾವಿರಾರು ಬೇರೆ ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ, ಕಟ್ಟಿಕೊಡಬೇಕು. ಹೀಗೆ ಕಟ್ಟಿದ್ದಕ್ಕೆ ವಿತರಣೆಯೆಂದು ಹೆಸರು. ಜರ್ಮನಿಯಲ್ಲಿ ೧೯೯೨ರಲ್ಲಿ ಹುಟ್ಟಿದ ಸೂಸೆ, ಅಮೆರಿಕದಲ್ಲಿ ತುಸು ತರುವಾಯ ಬಂದ ರೆಡ್ ಹ್ಯಾಟ್, ಇವು ಮೊದಲ ವರ್ತಕರಲ್ಲಿ ಮುಖ್ಯವಾದುವು. ಆರಂಭದಲ್ಲಿ ಇವರು ಪೆಟ್ಟಿಗೆಯಲ್ಲಿಟ್ಟ ತಟ್ಟೆಗಳನ್ನು ಮಾರುತ್ತಿದ್ದರು. ಆದರೆ ಒಬ್ಬನು ಕೊಂಡ ತಟ್ಟೆಯನ್ನು ಹತ್ತು ಮಂದಿ ನಕಲು ಮಾಡಿಕೊಳ್ಳುವುದು ಪರವಾನಗಿಗೆ ಸಮ್ಮತವೇ ಆಗಿರುವಾಗ ತಟ್ಟೆಗೆಲ್ಲಿಯ ಬೆಲೆ? ರೆಡ್ ಹ್ಯಾಟ್ ೨೦೦೨ರಲ್ಲಿ ದಾರಿ ಬದಲಿಸಿತು. ಹೊಸತನ್ನು ಬಯಸುವ ಉತ್ಸಾಹಿಗಳಿಗೆ ಮರುವರ್ಷ ಫೆಡೋರಾ ಎಂಬುದನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟು, ಕಚೇರಿಗಳಿಗೆ ನಿಧಾನವಾಗಿ ಬದಲಾಗುವ ಬೇರೊಂದು ವ್ಯವಸ್ಥೆಯನ್ನು ವಾರ್ಷಿಕ ಚಂದಾದ ಮೇಲೆ ಒದಗಿಸತೊಡಗಿತು.

“ನಿಧಾನವಾಗಿ ಬದಲಾಗುವ” ಎಂದೆವು. ಹಳೆಯದಕ್ಕೆ ಹಣ ತೆರುವುದುಂಟೆ? ಇಲ್ಲಿಯೇ ಇಡೀ ವ್ಯಾಪಾರದ ಗುಟ್ಟಿದೆ. ಚನ್ನಗಿರಿಯ ಕಡೆಯ ಒಂದು ಅಡಿಕೆ ಮಾರಾಟ ಸಹಕಾರ ಸಂಘವನ್ನು ಊಹಿಸಿಕೊಳ್ಳಿರಿ. ಸದಸ್ಯರ ಲೆಕ್ಕವೆಲ್ಲ ಕೆಲವು ವರ್ಷಗಳ ಹಿಂದೆ ಬರೆಸಿದ ತಂತ್ರಾಂಶದಲ್ಲಿದೆ. ಲಿನಕ್ಸಿನ ತಿರುಳಿಗಾದರೋ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಒಂದು ದಿನ ಹಳೆಯ ತಿರುಳಿನಲ್ಲಿ ಕಳ್ಳರು ನುಗ್ಗಬಹುದಾದ ಕಂಡಿಯೊಂದು ಪತ್ತೆಯಾಯಿತೆನ್ನಿ. ಹೊಸ ಆವೃತ್ತಿಯಲ್ಲಿ ಕಂಡಿ ಮುಚ್ಚಿದೆ, ನಿಜ; ಆದರೆ ಅದರೊಡನೆ ಇನ್ನೂ ಸಾವಿರ ಬದಲಾವಣೆಗಳು ಬಂದಿವೆ, ಅವುಗಳಲ್ಲಿ ಯಾವುದಾದರೊಂದು ಲೆಕ್ಕದ ತಂತ್ರಾಂಶವನ್ನು ಕೆಡಿಸೀತು. ಹಳೆಯದರಲ್ಲಿದ್ದರೆ ಕಳ್ಳರ ಭಯ, ಹೊಸದಕ್ಕೆ ಹೋದರೆ ಸುಗ್ಗಿಯ ಕಾಲದಲ್ಲಿ ಲೆಕ್ಕ ನಿಲ್ಲುವ ಭಯ.

ವರ್ತಕನ ಎಂಜಿನಿಯರು ಮಾಡುವುದಿಷ್ಟು. ಹೊಸ ಆವೃತ್ತಿಯಿಂದ ಕಂಡಿ ಮುಚ್ಚುವ ತೇಪೆಯನ್ನು ಮಾತ್ರ ಬಿಡಿಸಿ ತೆಗೆದು, ಹಳೆಯ ತಿರುಳಿಗೆ ಒಪ್ಪುವಂತೆ ಕತ್ತರಿಸಿ ಹೊಲಿಯುತ್ತಾನೆ. ಪುಷ್ಕರಣಿಯಲ್ಲಿ ಒಡೆದ ಒಂದು ಮೆಟ್ಟಿಲನ್ನು, ಮೇಲಿನ ಕೆಳಗಿನ ಮೆಟ್ಟಿಲುಗಳು ಕದಲದಂತೆ ಬದಲಿಸುವ ಕೆಲಸ ಇದು. ಕೇಳುವುದಕ್ಕೆ ಸುಲಭ, ಮಾಡುವುದು ಬಹು ಕಠಿಣ. ಏಕೆಂದರೆ ಹಳೆಯ ಕಟ್ಟಡವು ಹೊಸ ಕಲ್ಲಿನ ಅಳತೆಗೆ ಕಟ್ಟಿದ್ದಲ್ಲ. ರೆಡ್ ಹ್ಯಾಟಿನ ಏಳನೆಯ ಎಂಟರ್‌ಪ್ರೈಸ್ ಆವೃತ್ತಿ ೨೦೧೪ರ ಜೂನಿನಲ್ಲಿ ಬಂದಿತು. ಅದರ ತಿರುಳು ೨೦೧೩ರ ೩.೧೦ನೆಯ ಆವೃತ್ತಿ. ೨೦೨೪ರ ಜೂನಿನವರೆಗೂ ಹತ್ತು ವರ್ಷ ಅದೇ ಅಂಕೆಯನ್ನು ಇರಿಸಿಕೊಂಡು ಅದನ್ನು ದುರಸ್ತಿಯಲ್ಲಿಟ್ಟರು. ಇದಲ್ಲದೆ, ದೊಡ್ಡ ಲೆಕ್ಕತಂತ್ರಾಂಶಗಳನ್ನು ಮಾರುವವರೂ ಯಂತ್ರ ಮಾಡುವವರೂ “ಇಂಥ ವಿತರಣೆಯಾದರೆ ನಮ್ಮದು ಸರಿಯಾಗಿ ನಡೆಯುತ್ತದೆ” ಎಂದು ಪ್ರಮಾಣಪತ್ರ ಕೊಡುವ ರೂಢಿಯುಂಟು. ಆ ಪಟ್ಟಿಯಲ್ಲಿ ಹೆಸರಿಲ್ಲದವನು ಎಷ್ಟು ಅಗ್ಗವಾಗಿ ಮಾರಿದರೂ ದೊಡ್ಡ ಕಚೇರಿಗಳ ಬಾಗಿಲು ತೆರೆಯದು. ೨೦೧೨ರ ಹೊತ್ತಿಗೆ ರೆಡ್ ಹ್ಯಾಟಿನ ವಾರ್ಷಿಕ ಆದಾಯ ೧೦೦ ಕೋಟಿ ಡಾಲರುಗಳನ್ನು ದಾಟಿತು.

ಲಾಭವಿದ್ದಲ್ಲಿ ಸ್ಪರ್ಧಿಗಳು ಬಾರದಿರುವರೆ? ಸೂಸೆಯನ್ನು ನೊವೆಲ್ ಕಂಪನಿ ೨೧ ಕೋಟಿ ಡಾಲರಿಗೆ ಕೊಂಡು ೨೦೦೪ರಲ್ಲಿ ಕಣಕ್ಕಿಳಿಯಿತು. ಅದೇ ವರ್ಷ ಕೆನಾನಿಕಲ್ ಎಂಬ ಕಂಪನಿ ಉಬುಂಟುವನ್ನು ತಂದಿತು. ಪುಕ್ಕಟೆಯದಕ್ಕೂ ಹಣದ್ದಕ್ಕೂ ಭೇದವಿಲ್ಲ, ಸಹಾಯ ಬೇಕಾದವನು ಮಾತ್ರ ಹಣ ಕೊಟ್ಟರಾಯಿತೆಂಬುದು ಅವರ ನೀತಿ. ಅವರು ೨೦೧೧ರವರೆಗೆ ತಟ್ಟೆಗಳನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. (ನಾವು ವಿದ್ಯಾರ್ಥಿಗಳಾಗಿದ್ದಾಗ ತರಿಸಿಕೊಂಡ ಒಂದು ಈಗಲೂ ನಮ್ಮ ಮೇಜಿನ ಖಾನೆಯಲ್ಲಿದೆ.) ೨೦೦೬ರಲ್ಲಿ ಒರಾಕಲ್ ಇನ್ನೂ ನೇರವಾದ ಏಟು ಹಾಕಿತು: ರೆಡ್ ಹ್ಯಾಟಿನ ಮೂಲಪಾಠವನ್ನೇ ತೆಗೆದುಕೊಂಡು, ತಾನೇ ಕಟ್ಟಿ, ಕಡಮೆ ದರಕ್ಕೆ ಹೊಣೆ ಹೊರುವೆನೆಂದಿತು. ಪರವಾನಗಿ ಇದನ್ನು ತಡೆಯುವುದಿಲ್ಲ. ಇವರೆಲ್ಲರ ಬದಿಯಲ್ಲಿ ಸೆಂಟ್ ಓಎಸ್ ಎಂಬ ಸ್ವಯಂಸೇವಕರ ಕೂಟ ೨೦೦೪ರಿಂದ ಅದೇ ಮೂಲಪಾಠದ ತದ್ರೂಪನ್ನು ಕಾಸಿಲ್ಲದೆ ಹಂಚುತ್ತಿದ್ದಿತು. ಹೊಣೆ ಮಾತ್ರ ಬಳಸುವವನದೇ.

ಈ ಎರಡು ದಾರಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದೇ ಆವರಣದಲ್ಲಿ ಕಾಣಸಿಕ್ಕಿದುವು. ಅಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ಸಹಸ್ರಟಿ ಎಂಬ ಕ್ರೇ ಮಹಾಗಣಕಕ್ಕೆ ತಯಾರಕರೇ ಸೂಸೆಯ ತಳಹದಿಯ ಮೇಲೆ ಕಟ್ಟಿದ ವ್ಯವಸ್ಥೆಯಿದ್ದಿತು. ೨೦೨೨ರಲ್ಲಿ ಬಂದ, ಸೆಕೆಂಡಿಗೆ ಸುಮಾರು ೩.೩ ಸಾವಿರ ಲಕ್ಷ ಕೋಟಿ ಗಣನೆಗಳ ಸಾಮರ್ಥ್ಯದ ಪರಮ್ ಪ್ರವೇಗವನ್ನು ಸೆಂಟ್ ಓಎಸ್ ಏಳರ ಮೇಲೆ ನಿಲ್ಲಿಸಿದರು. ಮನೆಯಲ್ಲೇ ನುರಿತ ಕಲ್ಲುಕುಟಿಗರಿದ್ದರೆ ಮೆಟ್ಟಿಲ ದುರಸ್ತಿಗೆ ಹೊರಗಿನವನಿಗೆ ಚಂದಾ ಕೊಡಬೇಕಾಗಿಲ್ಲ. ನಮ್ಮ ಅಡಿಕೆ ಸಂಘದಲ್ಲಿ ಅಂಥವರಿರುವುದಿಲ್ಲ. ಅದು ಪುಕ್ಕಟೆಯ ತದ್ರೂಪನ್ನು ಹಾಕಿಸಿಕೊಂಡು ಸುಮ್ಮನೆ ಕುಳಿತರೆ, ಉಳಿಸಿದ ಹಣ ಒಂದು ದಿನ ಬಡ್ಡಿಸಮೇತ ಹೋದೀತು.

ರೆಡ್ ಹ್ಯಾಟ್ ೨೦೧೪ರಲ್ಲಿ ಸೆಂಟ್ ಓಎಸ್ ಕೂಟವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ಐಬಿಎಂ ೨೦೧೯ರ ಜುಲೈನಲ್ಲಿ ರೆಡ್ ಹ್ಯಾಟನ್ನು ಕೊಂಡಿತು. ೨೦೨೦ರ ಡಿಸೆಂಬರಿನಲ್ಲಿ, ೨೦೨೯ರವರೆಗೆ ಬಾಳಬೇಕಾಗಿದ್ದ ಸೆಂಟ್ ಓಎಸ್ ಎಂಟನ್ನು ೨೦೨೧ರ ಕೊನೆಗೇ ನಿಲ್ಲಿಸುವುದಾಗಿ ಪ್ರಕಟಣೆ ಬಂದಿತು. ಪುಕ್ಕಟೆಯ ಹೊಣೆಗೆ ಬರೆದ ಕರಾರಿಲ್ಲವೆಂಬುದು ಅನೇಕರಿಗೆ ಅಂದು ತಿಳಿಯಿತು. ತೆರವಾದ ಜಾಗಕ್ಕೆ ೨೦೨೧ರಲ್ಲಿಯೇ ಆಲ್ಮಾಲಿನಕ್ಸ್, ರಾಕಿಲಿನಕ್ಸ್ ಎಂಬ ಎರಡು ತದ್ರೂಪುಗಳು ಬಂದುವು. ೨೦೨೩ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಮೂಲಪಾಠವನ್ನು ಇನ್ನು ಗಿರಾಕಿಗಳಿಗಷ್ಟೇ ಕೊಡುವುದಾಗಿ ಹೇಳಲು, ಆಗಸ್ಟಿನಲ್ಲಿ ಸೂಸೆ, ಒರಾಕಲ್ ಮತ್ತು ಸಿಐಕ್ಯು ಕಂಪನಿಗಳು ಜೊತೆಗೂಡಿ ಅಂಥದೇ ಮೂಲಪಾಠವನ್ನು ಎಲ್ಲರಿಗೂ ಒದಗಿಸುವ ಸಂಘವೊಂದನ್ನು ಹೂಡಿದುವು. ನಿನ್ನೆಯ ಸ್ಪರ್ಧಿಗಳು ಇಂದು ಒಂದೇ ಪಂಕ್ತಿ! ತೇಪೆ ಹೊಲಿಯುವ ಶ್ರಮ ಒಬ್ಬರದು, ಅದನ್ನು ತೋರಿಸಿ ಅಗ್ಗದ ದರ ಹೇಳುವವರು ಬೇರೊಬ್ಬರು ಎಂಬ ರೆಡ್ ಹ್ಯಾಟಿನ ದೂರಿನಲ್ಲಿ ಹುರುಳಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಆ ಕಂಪನಿಯೂ ಸಾವಿರಾರು ಅಪರಿಚಿತರು ತೋಡಿದ ಕೊಳದಿಂದಲೇ ನೀರು ಮೊಗೆದು ದೊಡ್ಡದಾದದ್ದು. ಗಿರಾಕಿಗಳಿಗಷ್ಟೇ ಎಂಬ ಬೇಲಿ ಪರವಾನಗಿಯ ಅಕ್ಷರಕ್ಕೆ ಒಪ್ಪಿದರೂ ನೆರೆಹೊರೆಯ ನಡತೆಗೆ ಒಪ್ಪಿತೆಂದು ನಮಗೆ ತೋರದು.

ಈ ಪೈಪೋಟಿಯಿಂದ ಕನ್ನಡಿಗರಿಗೂ ಒಂದು ಲಾಭವಾಗಿದೆ. ಭಾರತದ ಕಚೇರಿಗಳಲ್ಲಿ ಕಾಲೂರಬೇಕಾದರೆ ಭಾರತದ ಲಿಪಿಗಳು ಪರದೆಯ ಮೇಲೆ ಮೂಡಬೇಕಷ್ಟೆ. ರೆಡ್ ಹ್ಯಾಟ್ ಹಣವೊದಗಿಸಿ ಬಿಡುಗಡೆ ಮಾಡಿದ ಲೋಹಿತ್ ಅಕ್ಷರಮಾಲೆಗಳಲ್ಲಿ ಕನ್ನಡವೂ ಸೇರಿತು. ಅದು ಮುಕ್ತವಾದ್ದರಿಂದ ಪ್ರತಿಸ್ಪರ್ಧಿಗಳ ವಿತರಣೆಗಳಲ್ಲಿಯೂ ಬಳಕೆಗೆ ಬಂದಿತು.

ಮೇಲೆ ಹೇಳಿದ ತೇಪೆಯ ಕೆಲಸವನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಕಾಲೇಜಿನಲ್ಲಿ ಲಿನಕ್ಸ್ ಇರುವ ಗಣಕವಿದ್ದರೆ, ಆಜ್ಞೆ ಬರೆಯುವ ಕಿಟಕಿಯನ್ನು ತೆರೆದು ‘ಯುನೇಮ್’ ಎಂಬ ಆಜ್ಞೆಯನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ. ಒಂದು ತೆರಪು ಬಿಟ್ಟು, ಕಿರುಗೆರೆ ಹಾಕಿ, ‘ಆರ್’ ಅಕ್ಷರವನ್ನೊತ್ತಿರಿ. ತಿರುಳಿನ ಅಂಕೆ ಕಾಣುವುದು. ಆ ಅಂಕೆ ಮೊದಲು ಹೊರಬಂದ ವರ್ಷವನ್ನು ಹುಡುಕಿ ಬರೆದುಕೊಳ್ಳಿರಿ. ಮತ್ತೆ ‘ಆರ್’ ಬದಲು ‘ವಿ’ ಹಾಕಿದರೆ ಆ ತಿರುಳನ್ನು ವರ್ತಕನು ಕೊನೆಯ ಸಲ ಕಟ್ಟಿದ ದಿನಾಂಕ ಬರುವುದು. ಹೆಸರು ಹಳೆಯದು, ದಿನಾಂಕ ಹೊಸದು. ಎರಡಕ್ಕೂ ನಡುವಿನ ವರ್ಷಗಳನ್ನು ಎಣಿಸಿರಿ. ಕಚೇರಿಗಳು ಚಂದಾ ತೆತ್ತು ಕೊಳ್ಳುವುದು ಆ ವರ್ಷಗಳ ದುರಸ್ತಿಯನ್ನೇ.