ಕಾರ್ಡು ಕೂಡಿಡುವವರಿಗೊಂದು ಕಿವಿಮಾತು

ದೇವತೆಗಳ ಚಿತ್ರವುಳ್ಳ ಎಲೆಗಳಿಂದ ಆಡುವ ಗಂಜೀಫಾವನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಚದ’ ಎಂಬ ಹೊಸ ಬಗೆಗಳಾಗಿ ಬೆಳೆಸಿದ್ದರು. ಗಂಜೀಫಾದಲ್ಲಿ ಕಟ್ಟು ನಿಗದಿಯಾದದ್ದು; ದಶಾವತಾರ ಗಂಜೀಫಾಕ್ಕೆ 120 ಎಲೆಗಳು. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ನಂಥ ವಿನಿಮಯ ಕಾರ್ಡಾಟಗಳಲ್ಲಾದರೋ ಆಟಗಾರನೇ ಕಾರ್ಡುಗಳನ್ನು ಕೊಂಡು, ಬದಲಾಯಿಸಿಕೊಂಡು ತನ್ನ ಕಟ್ಟನ್ನು ಜೋಡಿಸಿಕೊಳ್ಳಬೇಕಾಗಿದ್ದು, ಮುಚ್ಚಿದ ಪೊಟ್ಟಣದೊಳಗೆ ಯಾವ ಕಾರ್ಡಿದೆಯೆಂಬುದು ಮೊದಲೇ ತಿಳಿಯದ ಕಾರಣ, ಅಪರೂಪದ ಕಾರ್ಡಿನ ಆಸೆಗೆ ಪೊಟ್ಟಣದ ಮೇಲೆ ಪೊಟ್ಟಣ ಒಡೆಯುವುದಕ್ಕಿಂತ ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳುವುದು ಲೇಸು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಂಗ್ರಾಹಕರು ಮತ್ತೊಂದನ್ನು ಗಮನಿಸಬೇಕು: ಬೇಸಿಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ಮಿನುಗು ಲೇಪನದ ಕಾರ್ಡುಗಳು ಬಾಗುವುದರಿಂದ, ಅವನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ರಬ್ಬರ್ ಬ್ಯಾಂಡು ಬಿಗಿಯದೆ, ಬಿಸಿಲು ಬೀಳದ ಕಪಾಟಿನಲ್ಲಿಡುವುದು ಒಳಿತು. ಬೆಲೆ ಏರೀತೆಂಬ ಲೆಕ್ಕಾಚಾರಕ್ಕೆ ಸಾಲ ಮಾಡದೆ, ಆಡುವ ಸಂತೋಷಕ್ಕೆ ಸಾಕಾಗುವಷ್ಟನ್ನೇ ಕೊಳ್ಳುವವರಿಗೆ ನಷ್ಟದ ಭಯವಿರುವುದಿಲ್ಲ.