ಮೊದಲ ಕಂಟ್ರೋಲ್ ಲೈನ್ ವಿಮಾನಕ್ಕೆ ಎಂಜಿನ್ ಕೊಳ್ಳುವ ಮುನ್ನ

ಎರಡು ತೆಳು ಉಕ್ಕಿನ ತಂತಿಗಳ ತುದಿಯಲ್ಲಿ, ಹಾರಿಸುವವರ ಸುತ್ತ ವೃತ್ತಾಕಾರವಾಗಿ ಸುತ್ತುವ ಕಂಟ್ರೋಲ್ ಲೈನ್ ಮಾದರಿ ವಿಮಾನದಲ್ಲಿ ತಂತಿ ಬಿಗಿಯಾಗಿದ್ದಷ್ಟು ಹೊತ್ತು ಮಾತ್ರ ಹಿಡಿತ ಉಳಿಯುವುದರಿಂದ, ಚಿಕ್ಕದಾದಷ್ಟೂ ಸುಲಭವೆಂದು 0.8 ಸಿಸಿಯ ಪುಟ್ಟ ಎಂಜಿನ್ನನ್ನು ಆರಿಸುವುದು ಜಾಣತನವಲ್ಲ. ಅದು ಹೊರುವ ಹಗುರ ವಿಮಾನ ಸಾಧಾರಣ ಗಾಳಿಗೂ ಒಳಕ್ಕೆ ತೇಲಿ ಬಂದು ತಂತಿಯನ್ನು ಸಡಿಲಿಸುತ್ತದೆ. 2.5ರಿಂದ 4 ಸಿಸಿಯೊಳಗಿನ ಗ್ಲೋ ಎಂಜಿನ್, ಎಂದರೆ ಬ್ಯಾಟರಿಯಿಂದ ಒಮ್ಮೆ ಕಾದ ಪ್ಲಗ್‌ನ ಸುರುಳಿ ಆಮೇಲೆ ದಹನದ ಶಾಖದಲ್ಲೇ ಕೆಂಪಗಿರುವಂಥದ್ದು, ಹೊಸಬರಿಗೆ ತಕ್ಕುದು. ಪಂದ್ಯದ ವೇಗಕ್ಕೆಂದೇ ರೂಪಿಸಿದ ಬಾಲ್ ಬೇರಿಂಗ್ ಎಂಜಿನ್‌ಗಿಂತ ಸಾದಾ ಬುಶ್ ಇರುವುದು ಅಗ್ಗ; ವಿಮಾನ ಮೂತಿ ಮುಂದಾಗಿ ನೆಲಕ್ಕೆ ಬಡಿದಾಗ (ಬಡಿಯದೆ ಕಲಿತವರು ವಿರಳ) ಮಣ್ಣು ತೊಳೆದು ಮತ್ತೆ ಓಡಿಸುವುದೂ ಸಲೀಸು. ರೇಡಿಯೊ ವಿಮಾನದ ಎಂಜಿನ್ ಮಾತ್ರ ಸಿಕ್ಕಿದರೆ, ವೇಗ ಏರಿಳಿಸುವ ಕಾರ್ಬ್ಯುರೇಟರ್ ತೆಗೆದು, ವೆಂಚುರಿ ಎಂಬ ಕಿರಿದಾದ ಗಾಳಿಕೊಳವೆಯನ್ನು ಕೂರಿಸಿದರಾಯಿತು.