ರಜೆಯಲ್ಲಿ ನೆರಳಿನ ಪಾಠ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ನಾಡಿನ ಕೆಲವು ಪ್ರಾಥಮಿಕ ಶಾಲೆಗಳಿಗೆ ರಜೆ ಬರುತ್ತದೆ. ಕಾಶ್ಮೀರದಲ್ಲಿರುವಂತೆ ತಿಂಗಳುಗಟ್ಟಲೆ ಶಾಲೆಯ ಬಾಗಿಲು ಮುಚ್ಚಿಸುವ ಚಳಿ ನಮ್ಮಲ್ಲಿಲ್ಲ. ದೊರೆಯುವುದು ಕೆಲವೇ ದಿನಗಳ ಬಿಡುವು. ಮಕ್ಕಳು ಅಜ್ಜಿಯ ಊರಿಗೆ ಹೊರಡುತ್ತಾರೆ. ಉಪಾಧ್ಯಾಯರು ಹತ್ತು ಪುಟ ಕಾಪಿ, ಇಪ್ಪತ್ತು ಲೆಕ್ಕ ಎಂದು ಮನೆಗೆಲಸ ಕೊಟ್ಟು ಕಳುಹಿಸುತ್ತಾರೆ. ರಜೆಯ ಕೊನೆಯ ರಾತ್ರಿ ಅದನ್ನು ಅವಸರದಲ್ಲಿ ಗೀಚಿ ಮುಗಿಸುವುದನ್ನು ವಾಚಕರು ಬಲ್ಲರು. ಇಂಥ ಕೆಲಸದಲ್ಲಿ ಓದುಬರೆಹ ಬಲ್ಲ ತಂದೆತಾಯಿಗಳು ಕಾವಲುಗಾರರಾಗುತ್ತಾರೆ. ಬಾರದವರು ತಮಗೆ ಸಂಬಂಧವಿಲ್ಲವೆಂದು ದೂರ ನಿಲ್ಲುತ್ತಾರೆ. ಮನೆಯವರೆಲ್ಲರೂ ಕೈಹಾಕಬಹುದಾದ, ಶಾಲೆ ತೆರೆದ ಮೇಲೆ ಇಡೀ ತರಗತಿಗೆ ಉಪಯುಕ್ತವಾಗುವ ಪಾಠವೊಂದು ಇರಬಾರದೇಕೆ? ಅಂಥದೊಂದನ್ನು ಇಲ್ಲಿ ವಿವರಿಸುತ್ತೇವೆ. ಅದಕ್ಕೆ ಬೇಕಾದ ಸಲಕರಣೆ ಒಂದು ಕೋಲು, ಒಂದು ಅಳತೆಪಟ್ಟಿ ಮತ್ತು ಬಿಸಿಲು.

ಅಳೆಯುವ ಬಗೆ

ಅಂಗಳದಲ್ಲಿ ನಡುಹಗಲ ಬಿಸಿಲು ಬೀಳುವ ಸಮತಟ್ಟಾದ ಸ್ಥಳವನ್ನು ಆರಿಸಿ, ನೆಲದಿಂದ ಮೇಲಕ್ಕೆ ಸರಿಯಾಗಿ 100 ಸೆಂಟಿಮೀಟರ್ ಉಳಿಯುವಂತೆ ನೇರವಾದ ಕೋಲೊಂದನ್ನು ನೆಡಬೇಕು. ನಮ್ಮ ಪ್ರಾಚೀನ ಜ್ಯೋತಿರ್ವಿದರು ಇದನ್ನೇ ಶಂಕು ಎಂದು ಕರೆದರು. ಕೋಲು ಯಾವ ಕಡೆಗೂ ವಾಲಿರಬಾರದು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ವಾಲಿದುದು ತಿಳಿಯುತ್ತದೆ. ಮನೆಯಲ್ಲಿ ಗಾರೆ ಕೆಲಸ ಬಲ್ಲವರಿದ್ದರೆ ಈ ಪಾಠಕ್ಕೆ ಅವರೇ ಗುರುಗಳು. ತೂಗುಗುಂಡನ್ನು ಹಿಡಿಯುವ ಕೈ ಅವರದು.

ಗಡಿಯಾರದಲ್ಲಿ ಹನ್ನೆರಡು ಹೊಡೆದೊಡನೆ ಅಳೆದರೆ ಸಾಲದು. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಬೆಂಗಳೂರು ಇರುವುದು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯನು ಅಲ್ಲಿ ಸುಮಾರು 20 ನಿಮಿಷ ತಡವಾಗಿ ನಡುನೆತ್ತಿಯ ರೇಖೆಗೆ ಬರುತ್ತಾನೆ. ಆದುದರಿಂದ 12 ಗಂಟೆಯಿಂದ 12 ಗಂಟೆ 45 ನಿಮಿಷದವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತಿಟ್ಟು, ಎಲ್ಲಕ್ಕಿಂತ ಗಿಡ್ಡದಾದುದನ್ನು ಬರೆದುಕೊಳ್ಳಬೇಕು. ಆ ನೆರಳು ಬಿದ್ದ ದಿಕ್ಕೇ ನಿಜವಾದ ಉತ್ತರ. ಮಕ್ಕಳು ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ಎಂದಿಗೂ ನೇರವಾಗಿ ನೋಡಬಾರದು.

ಹೊತ್ತು ಕಳೆಯುತ್ತಿರುವಾಗ ಮನೆಯ ಹಿರಿಯರನ್ನು ಮಾತನಾಡಿಸುವುದು ಒಳ್ಳೆಯದು. ತಮ್ಮ ನೆರಳನ್ನು ಹೆಜ್ಜೆಯಲ್ಲಿ ಅಳೆದು ಹೊತ್ತು ಹೇಳುತ್ತಿದ್ದವರು, ಹೊಸ್ತಿಲಿನ ಬಿಸಿಲು ನೋಡಿ ಒಲೆ ಹೊತ್ತಿಸುತ್ತಿದ್ದವರು ಇನ್ನೂ ಕೆಲವು ಮನೆಗಳಲ್ಲಿರಬಹುದು. ಅವರ ಮಾತೂ ಮಗುವಿನ ಪುಸ್ತಕದಲ್ಲಿ ಸೇರಲಿ.

ಅಂಕಿಗಳು ಹೇಳುವುದೇನು?

ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಡಿಸೆಂಬರ್ 21 ಅಥವಾ 22ರಂದು ಸೂರ್ಯನು ದಕ್ಷಿಣದ ಮಕರ ವೃತ್ತದ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಎರಡನ್ನೂ ಕೂಡಿದರೆ ಸುಮಾರು 36.5 ಡಿಗ್ರಿ, ಆ ದಿನ ಬೆಂಗಳೂರಿನವರಿಗೆ ಸೂರ್ಯನು ನೆತ್ತಿಯಿಂದ ಅಷ್ಟು ದಕ್ಷಿಣಕ್ಕೆ ಜಾರಿರುತ್ತಾನೆ. ನಮ್ಮ ಕೋಲಿನ ನೆರಳು ಆಗ ಸುಮಾರು 74 ಸೆಂಟಿಮೀಟರ್, ವರ್ಷದ ಮಧ್ಯಾಹ್ನದ ನೆರಳುಗಳಲ್ಲೆಲ್ಲ ಅತಿ ಉದ್ದವಾದುದು. ಅದೇ ದಿನ ಮೈಸೂರಿನಲ್ಲಿ ಅದು 72, ಬೆಳಗಾವಿಯಲ್ಲಿ 82, ಬೀದರಿನಲ್ಲಿ 88 ಸೆಂಟಿಮೀಟರ್ ಇರುತ್ತದೆ. ದೆಹಲಿಯಲ್ಲಿ ನೆರಳು ಕೋಲನ್ನೇ ಮೀರಿ 128 ಸೆಂಟಿಮೀಟರ್ ಆಗುತ್ತದೆ. ಉತ್ತರದಲ್ಲಿ ಚಳಿ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಮುಖ್ಯವಾದ ಉತ್ತರ ಈ ಅಂಕಿಗಳಲ್ಲಿಯೇ ಉಂಟು: ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲದ ಮೇಲೆ ಹರಡಿ ತೆಳುವಾಗುತ್ತದೆ.

ರಜೆ ಆರಂಭವಾಗುವುದು 24ಕ್ಕೋ 25ಕ್ಕೋ ಆದರೆ ಅವಕಾಶ ತಪ್ಪಿತೆಂದು ತಿಳಿಯಬೇಕಾಗಿಲ್ಲ. ಈ ದಿನಗಳಲ್ಲಿ ಸೂರ್ಯನ ಚಲನೆ ಬಹಳ ನಿಧಾನ. 18ರಿಂದ 25ರವರೆಗೆ ನೆರಳು ಅರ್ಧ ಸೆಂಟಿಮೀಟರಿನಷ್ಟೂ ಬದಲಾಗುವುದಿಲ್ಲ. ಸೂರ್ಯಬಿಂಬಕ್ಕೆ ಅರ್ಧ ಡಿಗ್ರಿಯ ಅಗಲವಿರುವುದರಿಂದ ನೆರಳಿನ ಅಂಚೇ ಒಂದೂವರೆ ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ.

ಹೊಂದದ ಅಳತೆ

ನಾವು ಕಂಡ ಒಂದು ಹಳ್ಳಿಯ ಶಾಲೆಯಲ್ಲಿ ರಜೆ ಮುಗಿದ ಮರುದಿನ ಮಕ್ಕಳು ತಂದ ಅಂಕಿಗಳನ್ನು ಗೋಡೆಯ ಹಾಳೆಯಲ್ಲಿ ಬರೆಯಿಸಿದರು. ಹೆಚ್ಚಿನವು 73ರಿಂದ 75ರೊಳಗಿದ್ದವು. ಒಬ್ಬ ಹುಡುಗಿಯ ಪುಸ್ತಕದಲ್ಲಿ 77 ಎಂದು ಬರೆದು, ಅಳಿಸಿ, 74 ಎಂದು ತಿದ್ದಲಾಗಿತ್ತು. ಕೇಳಿದಾಗ, ಪಕ್ಕದ ಮನೆಯವರ ಅಂಕಿ ನೋಡಿ ತನ್ನದು ತಪ್ಪೆಂದು ತಿದ್ದಿದೆನೆಂದಳು. ತಂದೆಯೊಡನೆ ಮೂರು ದಿನ ಅಳೆದಾಗಲೂ ಅವಳಿಗೆ ಬಂದುದು 77! ಉಪಾಧ್ಯಾಯರು ಗದರಿಸಲಿಲ್ಲ, ತರಗತಿಯನ್ನೆಲ್ಲ ಅವಳ ಮನೆಯ ಅಂಗಳಕ್ಕೆ ಕರೆದೊಯ್ದರು. ಕೋಲು ನೆಟ್ಟಗಿತ್ತು. ಆದರೆ ಮಳೆನೀರು ಹರಿದುಹೋಗಲೆಂದು ಅಂಗಳವನ್ನು ಉತ್ತರಕ್ಕೆ ಇಳಿಜಾರಾಗಿ ಮಾಡಿದ್ದರು; ಒಂದು ಮೀಟರಿಗೆ ಐದಾರು ಸೆಂಟಿಮೀಟರ್ ಇಳಿತ. ನೆರಳು ಉದ್ದವಾದುದಕ್ಕೆ ಅದೇ ಕಾರಣ. ಅವಳ ತಂದೆಯೇ ಇಳಿತವನ್ನು ದಾರ ಹಿಡಿದು ಅಳೆದು ತೋರಿಸಿದರು. ಹಾಳೆಯ ಮೇಲೆ 77 ಎಂದೇ ಬರೆದು, ಪಕ್ಕದಲ್ಲಿ ಕಾರಣವನ್ನು ನಮೂದಿಸಿದರು.

ರಜೆಯ ಪಾಠದಲ್ಲಿ ಇದಕ್ಕಿಂತ ದೊಡ್ಡ ವಿಷಯವಿಲ್ಲವೆಂದು ನಮ್ಮ ಅಭಿಪ್ರಾಯ. ಕಂಡುದನ್ನು ಕಂಡಂತೆ ಬರೆಯಬೇಕು. ಹೊಂದದಿದ್ದರೆ ಕಾರಣ ಹುಡುಕಬೇಕು. ಅಂಕಿಯನ್ನು ತಿದ್ದಿದ್ದರೆ ಇಳಿಜಾರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂಟಿ ಮನೆಯ ಅಳತೆಯಲ್ಲಿ ತಪ್ಪಿದ್ದರೆ ಅದು ತಿಳಿಯುವುದೂ ಇಲ್ಲ. ಹಲವು ಮನೆಗಳ ಅಳತೆಗಳನ್ನು ಒಂದೆಡೆ ಕೂಡಿಸಿ ನೋಡುವ ಸ್ಥಳವೇ ಶಾಲೆ.

ಕೂಡಿಸಿದಾಗ ಮತ್ತೂ ಒಂದು ಲಾಭ ಉಂಟು. ಒಬ್ಬ ಮೈಸೂರಿನಲ್ಲಿ, ಇನ್ನೊಬ್ಬ ಬೀದರಿನಲ್ಲಿ ಅಳೆದು ತಂದರೆಂದುಕೊಳ್ಳೋಣ. ಹಾಳೆಯಲ್ಲಿ ಕೋಲು ಮತ್ತು ನೆರಳಿನ ತ್ರಿಕೋನ ಬರೆದು, ಕೋನಮಾಪಕದಿಂದ ಅಳೆದರೆ ಎರಡು ಕೋನಗಳ ವ್ಯತ್ಯಾಸ ಸುಮಾರು 5.6 ಡಿಗ್ರಿ. ಭೂಪಟದಲ್ಲಿ ಎರಡೂ ಊರುಗಳ ನಡುವಣ ಉತ್ತರ ದಕ್ಷಿಣ ಅಂತರ ಸುಮಾರು 620 ಕಿಲೋಮೀಟರ್. 5.6 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಅದೇ ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟಾಸ್ತನೀಸನು ಈಜಿಪ್ಟಿನ ಎರಡು ಊರುಗಳನ್ನು ಹಿಡಿದು ಮಾಡಿದ ಲೆಕ್ಕ ಇದೇ ಬಗೆಯದು. ನೆರಳಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರದಲ್ಲಿ ನೂರಕ್ಕೆ ಆರರಷ್ಟು ತಪ್ಪು ಬರುತ್ತದೆ. ಮಕ್ಕಳ ಕೆಲಸಕ್ಕೆ ಅದು ಕಡಿಮೆಯೇನಲ್ಲ.

ಅಜ್ಜನ ಉತ್ತರಾಯಣ

ಅಳತೆಯನ್ನು ಸಂಕ್ರಾಂತಿಯವರೆಗೆ ಮುಂದುವರಿಸಿದರೆ ಮನೆಯಲ್ಲಿ ಒಂದು ಚರ್ಚೆ ಹುಟ್ಟುವುದು ನಿಶ್ಚಯ. ಉತ್ತರಾಯಣ ಸಂಕ್ರಾಂತಿಗೆ ಆರಂಭವೆಂದು ಅಜ್ಜ ಹೇಳುತ್ತಾರೆ. ಆದರೆ ಡಿಸೆಂಬರ್ 22ರ ನಂತರವೇ ನೆರಳು ಗಿಡ್ಡವಾಗತೊಡಗಿ, ಜನವರಿ 14ರ ಹೊತ್ತಿಗೆ ಬೆಂಗಳೂರಿನಲ್ಲಿ 68 ಸೆಂಟಿಮೀಟರಿಗೆ ಇಳಿದಿರುತ್ತದೆ. ಹಾಗಾದರೆ ಅಜ್ಜ ಹೇಳಿದುದು ಸುಳ್ಳೆ?

ಸುಳ್ಳಲ್ಲ, ಹಳೆಯದು. ಸಂಕ್ರಾಂತಿಯನ್ನು ನಮ್ಮ ಪಂಚಾಂಗಗಳು ನಕ್ಷತ್ರಗಳನ್ನು ಹಿಡಿದು ಲೆಕ್ಕ ಹಾಕುತ್ತವೆ. ನೆರಳು ಅನುಸರಿಸುವುದು ಭೂಮಿಯ ಓರೆಯನ್ನು. ತಿರುಗುವ ಬುಗುರಿಯ ತಲೆ ನಿಧಾನವಾಗಿ ಸುತ್ತುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಇದೇ ಅಯನಚಲನೆ. ಇದರಿಂದ ಎರಡು ಲೆಕ್ಕಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಕಾಲಕ್ಕೆ ಬರುತ್ತಿದ್ದವು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಸಲಹೆಯಂತೆ 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಡಿಸೆಂಬರ್ 22ನ್ನೇ ಪುಷ್ಯ ಮಾಸದ ಮೊದಲನೆಯ ದಿನವಾಗಿ ಇಟ್ಟಿದೆ. ಹೀಗೆ ತಿಳಿಸಿದರೆ ಮಗುವಿಗೆ ಅಜ್ಜನ ಮೇಲಿನ ಗೌರವವೂ ಕುಂದದು, ಕಣ್ಣಿನ ಮೇಲಿನ ನಂಬಿಕೆಯೂ ಕುಂದದು.

ಕೋಲನ್ನು ಕಿತ್ತೆಸೆಯದೆ ಜೋಪಾನವಾಗಿಡಬೇಕೆಂದು ಬಾಲವಾಚಕರಿಗೆ ನಮ್ಮ ಸೂಚನೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲಿನಲ್ಲಿ ಅದರ ನೆರಳು ಬುಡದಲ್ಲಿಯೇ ಅಡಗಿ ಕಾಣದಂತಾಗುತ್ತದೆ. ಅದೂ ರಜೆಯ ಕಾಲವೇ. ಬೇರೆ ಊರುಗಳಲ್ಲಿ ಆ ದಿನ ಯಾವುದೆಂಬುದನ್ನು ಮಕ್ಕಳೂ ಮನೆಯವರೂ ಕೂಡಿಯೇ ಕಂಡುಹಿಡಿಯಲಿ.